ಹೈಬ್ರಿಡ್ ಕಾರಿನ ಬ್ಯಾಟರಿ: ಮಾಲೀಕರು ಏನು ನೋಡಿಕೊಳ್ಳಬೇಕು, ಎಲ್ಲಿ ಎಡವುತ್ತಾರೆ

"ಹೈಬ್ರಿಡ್ ತಗೊಂಡಿದ್ದೀವಿ, ಬ್ಯಾಟರಿ ಎಷ್ಟು ವರ್ಷ ಬರುತ್ತೆ? ಹೋದ್ರೆ ಲಕ್ಷಗಟ್ಟಲೆ ಖರ್ಚಂತೆ, ಹೌದಾ?" ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ ಹೈಬ್ರಿಡ್ ಇಟ್ಟುಕೊಂಡವರು ಕೇಳುವುದು ಇದನ್ನೇ. ಹಳೆಯ ಕ್ಯಾಮ್ರಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡಿ ಬಂದವರೂ ಇದನ್ನೇ ಕೇಳುತ್ತಾರೆ.

ನೇರವಾಗಿ ಹೇಳುವುದಾದರೆ, ಕಾರಿನ ಮೋಟಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಆಯಸ್ಸನ್ನು ವರ್ಷಗಳಿಗಿಂತ ಬೇಗ ತಿನ್ನುವುದು ಬಿಸಿ, ಧೂಳು ಮತ್ತು ನೀರು. ಮೂರನ್ನೂ ದೂರವಿಡುವ ಕೆಲಸ ಬಹುಪಾಲು ಮಾಲೀಕರ ಕೈಯಲ್ಲೇ ಇದೆ, ಅದಕ್ಕೆ ಹೆಚ್ಚು ದುಡ್ಡೂ ಬೇಡ. ಇನ್ನೊಂದು ವಿಷಯ: ಬೆಳಿಗ್ಗೆ ಕಾರು ಏಳಲೇ ಇಲ್ಲ, ಹೈಬ್ರಿಡ್ ಬ್ಯಾಟರಿಯೇ ಹೋಯಿತು ಎಂದು ಗಾಬರಿಯಾದಾಗ ಹೋಗಿರುವುದು ಹೆಚ್ಚಾಗಿ ಕೆಲವೇ ಸಾವಿರ ರೂಪಾಯಿಯ 12 ವೋಲ್ಟ್ ಬ್ಯಾಟರಿ. ಈ ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ನೋಡಲು ಕಲಿತರೆ ಅರ್ಧ ಆತಂಕ ಅಲ್ಲೇ ಮುಗಿಯುತ್ತದೆ.

ನಿಮ್ಮದು ಯಾವ ಹೈಬ್ರಿಡ್?

ಮಾರುತಿಯ ಬ್ರೆಜಾ, ಎರ್ಟಿಗಾದಂಥ ಕಾರುಗಳ ಮೇಲೆ ಬರುವ 'ಸ್ಮಾರ್ಟ್ ಹೈಬ್ರಿಡ್' ಹೆಸರು ಮೈಲ್ಡ್ ಹೈಬ್ರಿಡ್‌ನದು. ಅಲ್ಲಿ ಸಣ್ಣ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ, ಅಷ್ಟೇ. ಬರೀ ಕರೆಂಟಿನಲ್ಲಿ ಚಕ್ರ ಉರುಳುವುದಿಲ್ಲ, ಹೆಚ್ಚಿನ ವೋಲ್ಟೇಜ್ ಕೂಡ ಇಲ್ಲ. ಈ ಲೇಖನ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ಬಗ್ಗೆ. ಎಂಜಿನ್ ಆಫ್ ಆಗಿದ್ದಾಗಲೂ ಮೋಟಾರಿನಿಂದಲೇ ಓಡಬಲ್ಲ ಕಾರುಗಳಿವು. ಇವಕ್ಕೆ ಚಾರ್ಜರ್ ಚುಚ್ಚುವಂತಿಲ್ಲ. ಎಂಜಿನ್ನಿನಿಂದ ಮತ್ತು ಬ್ರೇಕ್ ಹಾಕಿದಾಗ ವಾಪಸು ಸಿಗುವ ಶಕ್ತಿಯಿಂದಲೇ ಬ್ಯಾಟರಿ ತುಂಬುತ್ತದೆ. ಈ ವಾಪಸಾತಿಗೆ ರೀಜನರೇಷನ್ ಎನ್ನುತ್ತಾರೆ.

ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ ತಯಾರಾಗುವ ಹೈಕ್ರಾಸ್‌ನಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ: 1.2 ವೋಲ್ಟಿನ 168 ಸೆಲ್‌ಗಳು ಸಾಲಾಗಿ ಸೇರಿ ಒಟ್ಟು 201.6 ವೋಲ್ಟ್. ಅಲ್ಲಿಯೇ ತಯಾರಾಗುವ ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ ಲಿಥಿಯಂ ಅಯಾನ್ ಬ್ಯಾಟರಿ ಇದೆ, 177.6 ವೋಲ್ಟ್, 0.76 ಕಿಲೋವ್ಯಾಟ್ ಅವರ್. ಮನೆಯ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್! ಎಲೆಕ್ಟ್ರಿಕ್ ಕಾರಿನಲ್ಲಿ 30, 40 ಯೂನಿಟ್ ಹಿಡಿಸುವ ಬ್ಯಾಟರಿ ಇರುತ್ತದೆ. ಇಷ್ಟು ಸಣ್ಣ ಬ್ಯಾಟರಿ ದಿನಕ್ಕೆ ನೂರಾರು ಸಲ ತುಸು ಖಾಲಿಯಾಗಿ ತುಸು ತುಂಬುತ್ತದೆ. ಹಾಗಿದ್ದೂ ಅದು ವರ್ಷಗಟ್ಟಲೆ ತಡೆಯುವುದಕ್ಕೆ ಕಾರಣ, ಕಂಪ್ಯೂಟರ್ ಅದನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ಟೊಯೋಟಾದ ನಿಕಲ್ ಬ್ಯಾಟರಿಗಳನ್ನು ಸುಮಾರು ಶೇ. 40ರಿಂದ 80ರ ನಡುವೆಯೇ ಆಡಿಸುತ್ತಾರೆ. ಹಾಗಾಗಿ ಪರದೆಯಲ್ಲಿ ಒಂದೆರಡು ಗೆರೆ ಮಾತ್ರ ಕಂಡರೆ ಬ್ಯಾಟರಿ ಬರಿದಾಯಿತೆಂದು ಹೆದರಬೇಡಿ.

ಬೇಕಾಗುವ ಸಾಮಾನು

ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದು, ಸಣ್ಣ ಬ್ರಷ್ ತುದಿಯ ವ್ಯಾಕ್ಯೂಮ್ ಕ್ಲೀನರ್, ಟಾರ್ಚು, ಪ್ಲಾಸ್ಟಿಕ್ ಕ್ಲಿಪ್ ತೆಗೆಯುವ ಚಪ್ಪಟೆ ಕಡ್ಡಿ. ಆಸಕ್ತಿ ಇದ್ದವರು ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಕೊಳ್ಳಬಹುದು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ ಅದು. ಎಲ್ಲಕ್ಕಿಂತ ಮುಖ್ಯವಾದ ಓನರ್ಸ್ ಮ್ಯಾನ್ಯುಯಲ್ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇರುತ್ತದೆ. ಮಾದರಿಯಿಂದ ಮಾದರಿಗೆ ಜಾಗ ಮತ್ತು ಅವಧಿ ಬದಲಾಗುವುದರಿಂದ ಕೊನೆಯ ಮಾತು ಅದರದೇ.

ಒಂದು ಎಚ್ಚರಿಕೆ ಮೊದಲೇ ಇರಲಿ. ಕಿತ್ತಳೆ ಬಣ್ಣದ ದಪ್ಪ ಕೇಬಲ್ ಎಲ್ಲಿ ಕಂಡರೂ ಮುಟ್ಟಬೇಡಿ. ಅದು ಹೈ ವೋಲ್ಟೇಜ್. ಬ್ಯಾಟರಿಯ 200 ವೋಲ್ಟ್ ಡಿಸಿಯೇ ಜೀವ ತೆಗೆಯಲು ಸಾಕು, ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಒಗ್ಗಿಸಿ ಕೊಡುವ ಇನ್ವರ್ಟರ್ ಅದನ್ನು ಕೆಲವು ಕಾರುಗಳಲ್ಲಿ 500 ವೋಲ್ಟ್ ದಾಟಿಸುತ್ತದೆ. ಬ್ಯಾಟರಿ ಡಬ್ಬಿಯ ಮುಚ್ಚಳ ತೆಗೆಯುವ ಯಾವ ಕೆಲಸವನ್ನೂ ಇಲ್ಲಿ ಹೇಳಿಲ್ಲ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಹಂತ 1: ಗಾಳಿ ಹೋಗುವ ದಾರಿ ಹುಡುಕಿ

ಈ ಬ್ಯಾಟರಿಗಳಲ್ಲಿ ಹೆಚ್ಚಿನವು ತಣ್ಣಗಾಗುವುದು ನಾವು ಕೂರುವ ಕ್ಯಾಬಿನ್ನಿನ ಗಾಳಿಯಿಂದ. ಸಣ್ಣ ಫ್ಯಾನೊಂದು ಒಳಗಿನ ತಂಪು ಗಾಳಿಯನ್ನು ಎಳೆದು ಸೆಲ್‌ಗಳ ನಡುವೆ ಹಾಯಿಸುತ್ತದೆ. ಆ ಗಾಳಿ ಒಳಹೋಗುವ ಜಾಲರಿ ಹಿಂದಿನ ಸೀಟಿನ ಕೆಳಗೆ, ಪಕ್ಕದಲ್ಲಿ, ಇಲ್ಲವೇ ಹಿಂಬದಿ ಗಾಜಿನ ಕೆಳಗಿನ ಹಲಗೆಯಲ್ಲಿ ಇರಬಹುದು. ಮ್ಯಾನ್ಯುಯಲ್‌ನಲ್ಲಿ 'ಹೈಬ್ರಿಡ್ ಬ್ಯಾಟರಿ ಏರ್ ಇನ್‌ಟೇಕ್ ವೆಂಟ್' ಎಂಬ ಶೀರ್ಷಿಕೆ ಹುಡುಕಿ.

ಸಿಕ್ಕ ಮೇಲೆ ಮನೆಯವರಿಗೆಲ್ಲ ತೋರಿಸಿ. ಈ ಜಾಲರಿಯ ಮುಂದೆ ಊರಿಂದ ತಂದ ಅಕ್ಕಿ ಚೀಲ ಇಡುವುದು, ಅದನ್ನು ಮುಚ್ಚಿಬಿಡುವ ಸೀಟ್ ಕವರ್ ಹೊಲಿಸುವುದು, ನೆಲಕ್ಕೆ ದಪ್ಪ ಸೆವೆನ್ ಡಿ ಮ್ಯಾಟ್ ಹಾಸಿ ಅದರ ಅಂಚು ಜಾಲರಿಯ ಮೇಲೆ ಮಡಚಿಕೊಳ್ಳುವುದು, ಇವು ದಿನವೂ ನಡೆಯುವ ತಪ್ಪುಗಳು. ಮ್ಯಾಟ್ ಅಂಗಡಿಯವರಿಗೆ ಜಾಲರಿ ಏನೆಂದು ಗೊತ್ತಿರುವುದಿಲ್ಲ. ನೀವೇ ಪಕ್ಕದಲ್ಲಿ ನಿಂತು ಕತ್ತರಿಸಿ ಹಾಕಿಸಬೇಕು.

ಹಂತ 2: ಫಿಲ್ಟರ್ ಸ್ವಚ್ಛ ಮಾಡಿ

ಬ್ಯಾಟರಿ ಆಯಸ್ಸಿಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ಇಷ್ಟು ಸುಲಭದ ಕೆಲಸವನ್ನು ಇಷ್ಟು ಜನ ಮರೆಯುವುದು ನಿಜಕ್ಕೂ ಬೇಸರದ ಸಂಗತಿ.

ಜಾಲರಿಯ ಹಿಂದೆ ಹಲವು ಮಾದರಿಗಳಲ್ಲಿ ತೆಳುವಾದ ಫಿಲ್ಟರ್ ಇರುತ್ತದೆ. ಸೀಟಿನ ನೂಲು, ಕೂದಲು, ರಸ್ತೆಯ ಧೂಳು ಅಲ್ಲಿ ಹೆಪ್ಪುಗಟ್ಟಿ ಫೆಲ್ಟ್ ಬಟ್ಟೆಯಂತೆ ಆಗಿಬಿಡುತ್ತದೆ. ಆಗ ಫ್ಯಾನ್ ತಿರುಗಿದರೂ ಗಾಳಿ ಹಾಯುವುದಿಲ್ಲ. ಬ್ಯಾಟರಿ ಬಿಸಿಯಾದರೆ ಕಂಪ್ಯೂಟರ್ ಅದರಿಂದ ಎಳೆಯುವ ಕರೆಂಟನ್ನು ಕಡಿಮೆ ಮಾಡುತ್ತದೆ. ಮೊದಲು ಮೈಲೇಜ್ ಇಳಿಯುತ್ತದೆ, ಆಮೇಲೆ ಕೂಲಿಂಗ್ ಭಾಗಗಳಿಗೆ ನಿರ್ವಹಣೆ ಬೇಕೆಂಬ ಸಂದೇಶ ಬರುತ್ತದೆ. ಅದನ್ನೂ ಕಡೆಗಣಿಸಿದರೆ ಸೆಲ್‌ಗಳಿಗೇ ಪೆಟ್ಟು. ನಡುವಿನ ಸೆಲ್‌ಗಳಿಗೆ ಗಾಳಿ ಕಡಿಮೆ ತಲುಪುವುದರಿಂದ ಮೊದಲು ಸೋಲುವುದು ಸಾಮಾನ್ಯವಾಗಿ ಅವೇ.

ಮಾಡುವ ಬಗೆ ಹೀಗೆ:

1. ಕಾರನ್ನು ಪಿ (ಪಾರ್ಕ್) ಸ್ಥಾನದಲ್ಲಿಟ್ಟು ಪವರ್ ಆಫ್ ಮಾಡಿ. ಕೀಲಿಯನ್ನು ಕಾರಿನಿಂದ ದೂರವಿಡಿ.
2. ಜಾಲರಿಯ ಮೇಲಿನ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ.
3. ನಿಮ್ಮ ಮಾದರಿಯ ಜಾಲರಿಯನ್ನು ಮಾಲೀಕರೇ ಬಿಚ್ಚಬಹುದು ಎಂದು ಮ್ಯಾನ್ಯುಯಲ್ ಹೇಳಿದ್ದರೆ ಕ್ಲಿಪ್ ಮೆಲ್ಲಗೆ ಎಬ್ಬಿಸಿ ಹೊರತೆಗೆಯಿರಿ. ಫಿಲ್ಟರ್ ಯಾವ ಮುಖ ಮಾಡಿ ಕೂತಿತ್ತು ಎಂದು ಫೋನಿನಲ್ಲಿ ಫೋಟೋ ಹಿಡಿದುಕೊಳ್ಳಿ.
4. ಫಿಲ್ಟರನ್ನು ಎರಡೂ ಕಡೆ ವ್ಯಾಕ್ಯೂಮ್ ಮಾಡಿ. ಹರಿದಿದ್ದರೆ ಅಥವಾ ಧೂಳು ಬಿಡದಿದ್ದರೆ ಹೊಸದು ಹಾಕಿಸಿ.
5. ಒಳಗಿನ ಕೊಳವೆಯ ಬಾಯಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಕಾಗದದ ಚೂರು, ಚಾಕೊಲೇಟ್ ಕವರ್ ಇದ್ದರೆ ತೆಗೆಯಿರಿ.
6. ಅದೇ ದಿಕ್ಕಿನಲ್ಲಿ ಕೂರಿಸಿ, ಕ್ಲಿಪ್ ಕಟ್ ಎನ್ನುವವರೆಗೆ ಒತ್ತಿ.

ನೀರು ಬೇಡವೇ ಬೇಡ. ಏರ್ ಗನ್ನಿನಿಂದ ಜಾಲರಿಗೆ ಗಾಳಿ ಊದುವುದೂ ಬೇಡ, ಧೂಳೆಲ್ಲ ಒಳಗೆ ಸೆಲ್‌ಗಳ ನಡುವೆ ಹೋಗಿ ಕೂರುತ್ತದೆ. ವಾಟರ್ ಸರ್ವೀಸ್‌ನಲ್ಲಿ ಸೀಟ್ ಶಾಂಪೂ ಮಾಡಿಸುವವರು ಇದನ್ನು ಮೊದಲೇ ಹೇಳಿಬಿಡಬೇಕು. ನೊರೆನೀರು ಜಾಲರಿಯೊಳಗೆ ಇಳಿದರೆ ಬ್ಯಾಟರಿಯ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ.

ಎಷ್ಟು ದಿನಕ್ಕೊಮ್ಮೆ? ನಗರದ ಮನೆ ಕಾರಿಗೆ ಪ್ರತಿ ಸರ್ವೀಸಿನಲ್ಲಿ ಒಮ್ಮೆ ಸಾಕು. ಟ್ಯಾಕ್ಸಿಗೆ, ಮಣ್ಣುರಸ್ತೆಯ ಊರುಗಳಲ್ಲಿ ಓಡುವ ಕಾರಿಗೆ, ನಾಯಿ ಬೆಕ್ಕು ಕೂರುವ ಕಾರಿಗೆ ಎರಡು ಮೂರು ತಿಂಗಳಿಗೊಮ್ಮೆ ಬೇಕು. ಸರ್ವೀಸ್ ಕೊಟ್ಟಾಗ ಜಾಬ್ ಕಾರ್ಡಿನಲ್ಲಿ ಈ ಕೆಲಸವನ್ನು ಬೇರೆಯಾಗಿ ಬರೆಸಿ. ಬರೆಸದಿದ್ದರೆ ಮಾಡಿದ್ದಾರೆ ಎಂದುಕೊಳ್ಳುವಂತಿಲ್ಲ.

ಕಿವಿಗೂ ಸ್ವಲ್ಪ ಕೆಲಸ ಕೊಡಿ. ಎಸಿ ಹಾಕಿದ ತಂಪು ಕಾರಿನಲ್ಲಿ, ಸ್ವಲ್ಪ ದೂರ ಓಡಿದ ಕೂಡಲೇ ಹಿಂದಿನಿಂದ ಫ್ಯಾನ್ ಜೋರಾಗಿ ಗುಯ್‌ಗುಡಲು ಶುರುವಾದರೆ ಗಾಳಿದಾರಿ ಕಟ್ಟಿದೆ ಎಂದೇ ಅರ್ಥ.

ಹಂತ 3: 12 ವೋಲ್ಟ್ ಬ್ಯಾಟರಿಯ ನಾಡಿ ಹಿಡಿಯಿರಿ

ಹೈಬ್ರಿಡ್ ಕಾರಿನಲ್ಲಿ ಹಳೇ ಮಾದರಿಯ ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರ್ ಕೂಡ ಇಲ್ಲ. ಎಂಜಿನ್ ಎಬ್ಬಿಸುವುದು ದೊಡ್ಡ ಬ್ಯಾಟರಿ. ಆದರೆ ಆ ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ರಿಲೇಗಳು, ಕಂಪ್ಯೂಟರುಗಳು, ಡೋರ್ ಲಾಕ್, ಪರದೆ ಎಲ್ಲವೂ ಏಳುವುದು 12 ವೋಲ್ಟಿನಿಂದ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ರೆಡಿ ಆಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ಎಂಬ ದೀಪ ಬಂದರೆ ಮಾತ್ರ ಕಾರು ಓಡಲು ಸಿದ್ಧ ಎಂದು ತಿಳಿಯಬೇಕು. ಎಂಜಿನ್ ಸದ್ದು ಇಲ್ಲಿ ಲೆಕ್ಕಕ್ಕಿಲ್ಲ.

ಎಂಜಿನ್ನನ್ನು ತಿರುಗಿಸುವ ಭಾರ ಇಲ್ಲದ್ದರಿಂದ ಈ ಬ್ಯಾಟರಿ ಸೋಲುತ್ತಿರುವುದು ಹೊರಗೆ ಕಾಣುವುದಿಲ್ಲ. ಪೆಟ್ರೋಲ್ ಕಾರಿನಲ್ಲಿ ಸೆಲ್ಫ್ ಎಳೆಯುವುದು ನಿಧಾನವಾಗುತ್ತಾ ಬಂದು ಎಚ್ಚರಿಸುತ್ತದೆ. ಇಲ್ಲಿ ನಿನ್ನೆ ಸರಿಯಿತ್ತು, ಇವತ್ತು ಕತ್ತಲೆ. ಅದಕ್ಕೇ ಅಳೆದು ನೋಡುವ ಅಭ್ಯಾಸ ಬೇಕು.

ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಿಗ್ಗೆ ಬಟನ್ ಒತ್ತುವ ಮೊದಲು ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿಯಿರಿ. ಬಾಗಿಲು ಅಥವಾ ಬಾನೆಟ್ ತೆರೆದ ಕೂಡಲೇ ಕಂಪ್ಯೂಟರುಗಳು ಎಚ್ಚರವಾಗಿ ಅಳತೆ ತುಸು ಕಡಿಮೆ ಕಾಣುತ್ತದೆ, ಕೆಲವು ನಿಮಿಷ ಬಿಟ್ಟು ಓದಿ.

- 12.6 ವೋಲ್ಟ್ ಸುತ್ತಮುತ್ತ: ಚೆನ್ನಾಗಿದೆ.
- 12.2: ಅರ್ಧ ಮಾತ್ರ ತುಂಬಿದೆ. ಕಾರು ಹೆಚ್ಚು ದಿನ ನಿಂತಿತ್ತೇ, ಏನಾದರೂ ಕರೆಂಟ್ ಕದಿಯುತ್ತಿದೆಯೇ ನೋಡಿ.
- 12.0ಕ್ಕಿಂತ ಕೆಳಗೆ: ಚಾರ್ಜ್ ಮಾಡಿ ಲೋಡ್ ಟೆಸ್ಟ್, ಅಂದರೆ ಭಾರ ಹಾಕಿ ನೋಡುವ ಪರೀಕ್ಷೆ ಮಾಡಿಸಿ.

ಆಮೇಲೆ ರೆಡಿ ಮಾಡಿ ಮತ್ತೆ ಅಳೆಯಿರಿ. ಸುಮಾರು 13.8ರಿಂದ 14.5 ವೋಲ್ಟ್ ಬರಬೇಕು. ಬಂದರೆ ಡಿಸಿ-ಡಿಸಿ ಕನ್ವರ್ಟರ್ ಕೆಲಸ ಮಾಡುತ್ತಿದೆ. ದೊಡ್ಡ ಬ್ಯಾಟರಿಯ ವೋಲ್ಟೇಜನ್ನು ಇಳಿಸಿ 12 ವೋಲ್ಟ್ ಬ್ಯಾಟರಿಗೆ ಕೊಡುವ ಭಾಗ ಅದು.

ಬದಲಿಸುವಾಗ ಅಂಗಡಿಯವರು ಕೊಟ್ಟಿದ್ದನ್ನೆಲ್ಲ ಹಾಕಿಸಬೇಡಿ. ಕೆಲವು ಹೈಬ್ರಿಡ್‌ಗಳಲ್ಲಿ ಈ ಬ್ಯಾಟರಿ ಡಿಕ್ಕಿಯಲ್ಲಿ, ಅಂದರೆ ಕೂರುವವರ ಜೊತೆಗೇ ಇರುತ್ತದೆ. ಅಲ್ಲಿ ಎಜಿಎಂ ಬಗೆಯದೇ ಬೇಕು. ಆಸಿಡ್ ಚೆಲ್ಲದಂತೆ ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಟ್ಟ ಬ್ಯಾಟರಿ ಅದು. ಅದರಿಂದ ಹೊರಡುವ ಅನಿಲವನ್ನು ಕಾರಿನ ಹೊರಗೆ ಸಾಗಿಸುವ ಸಣ್ಣ ಪೈಪನ್ನು ಮರೆಯದೆ ವಾಪಸು ಜೋಡಿಸಿದ್ದಾರೆಯೇ ಎಂದು ಬಗ್ಗಿ ನೋಡಿ.

12 ವೋಲ್ಟ್ ಬ್ಯಾಟರಿಯನ್ನು ಬೇಗ ಕೊಲ್ಲುವ ಅಭ್ಯಾಸ ಒಂದಿದೆ. ರೆಡಿ ಮಾಡದೆ, ಬ್ರೇಕ್ ಒತ್ತದೆ ಬರೀ ಬಟನ್ ಒತ್ತಿ ಹಾಡು ಕೇಳುತ್ತಾ ಕೂರುವುದು. ಆ ಸ್ಥಿತಿಯಲ್ಲಿ ಚಾರ್ಜ್ ಆಗುವುದೇ ಇಲ್ಲ. ಕಾಯುತ್ತಾ ಕೂರಬೇಕಿದ್ದರೆ ಬ್ರೇಕ್ ಒತ್ತಿ ರೆಡಿ ಮಾಡಿ, ಪಿ ಸ್ಥಾನದಲ್ಲಿಡಿ. ಎಂಜಿನ್ ಬೇಕಾದಾಗ ತಾನೇ ಎದ್ದು ತಾನೇ ನಿಲ್ಲುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಹೀಗೆ ಬಿಡಬೇಡಿ, ಎಂಜಿನ್ ಎದ್ದಾಗ ಹೊಗೆ ಒಳಗೇ ತುಂಬುತ್ತದೆ. ಸದ್ದಿಲ್ಲವೆಂದು ರೆಡಿ ದೀಪ ಉರಿಯುತ್ತಿರುವಾಗಲೇ ಇಳಿದು ಹೋಗುವುದೂ ಅಷ್ಟೇ ಅಪಾಯ.

ಹಂತ 4: ರೆಡಿ ಬರದಿದ್ದರೆ

ಸ್ಮಾರ್ಟ್ ಕೀ ಸ್ಪಂದಿಸದಿದ್ದರೆ ಅದರೊಳಗೆ ಅಡಗಿರುವ ಲೋಹದ ಕೀಲಿಯನ್ನು ಎಳೆದು ಡ್ರೈವರ್ ಬಾಗಿಲು ತೆರೆಯಿರಿ. ಡಿಕ್ಕಿ ಕರೆಂಟಿನಿಂದ ತೆರೆಯುವಂಥದ್ದಾದರೆ ಈಗ ತೆರೆಯದು. ಅದಕ್ಕಾಗಿಯೇ ಬ್ಯಾಟರಿ ಹಿಂದೆ ಇರುವ ಮಾದರಿಗಳಲ್ಲಿ ಬಾನೆಟ್ ಕೆಳಗೆ, ಫ್ಯೂಸ್ ಪೆಟ್ಟಿಗೆಯ ಹತ್ತಿರ ಜಂಪ್ ಮಾಡಲು, ಅಂದರೆ ಬೇರೆ ಬ್ಯಾಟರಿಯ ಕರೆಂಟಿನಿಂದ ಕಾರು ಎಬ್ಬಿಸಲು, ಪ್ಲಸ್ ಬಿಂದು ಕೊಟ್ಟಿರುತ್ತಾರೆ.

ಕೇಬಲ್ ಜೋಡಿಸುವ ಕ್ರಮ ತಪ್ಪಬಾರದು: ಮೊದಲು ಕೆಂಪನ್ನು ನಿಮ್ಮ ಕಾರಿನ ಪ್ಲಸ್‌ಗೆ, ಇನ್ನೊಂದು ತುದಿ ಸಹಾಯದ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪನ್ನು ಸಹಾಯದ ಬ್ಯಾಟರಿಯ ಮೈನಸ್‌ಗೆ, ಕೊನೆಗೆ ನಿಮ್ಮ ಕಾರಿನ ಬಣ್ಣ ಬಳಿಯದ ಲೋಹದ ಭಾಗಕ್ಕೆ. ಐದು ನಿಮಿಷ ಬಿಟ್ಟು ಬ್ರೇಕ್ ಒತ್ತಿ ಬಟನ್ ಒತ್ತಿ. ರೆಡಿ ಬಂದ ಮೇಲೆ ಹಾಕಿದ್ದರ ಉಲ್ಟಾ ಕ್ರಮದಲ್ಲಿ ಬಿಚ್ಚಿ. ಎಂಜಿನ್ ತಿರುಗಿಸುವ ಭಾರ ಇಲ್ಲದ್ದರಿಂದ ಕೈಯಲ್ಲಿ ಹಿಡಿಯುವ ಸಣ್ಣ ಜಂಪ್ ಸ್ಟಾರ್ಟರ್ ಕೂಡ ಇದಕ್ಕೆ ಸಾಕಾಗುತ್ತದೆ. ದೂರ ಪ್ರಯಾಣ ಮಾಡುವವರು ಒಂದು ಇಟ್ಟುಕೊಳ್ಳುವುದು ಒಳ್ಳೆಯದು.

ಪ್ಲಸ್ ಮೈನಸ್ ಅದಲುಬದಲಾದರೆ ಫ್ಯೂಸ್ ಹೋಗುವುದಷ್ಟೇ ಅಲ್ಲ, ಕನ್ವರ್ಟರ್ ಕೂಡ ಸುಟ್ಟೀತು. ಅಲ್ಲಿಂದ ಖರ್ಚು ನಿಜಕ್ಕೂ ದೊಡ್ಡದು. ಇನ್ನು ನಿಮ್ಮ ಹೈಬ್ರಿಡ್‌ನಿಂದ ಬೇರೆಯವರ ಕಾರನ್ನು ಜಂಪ್ ಮಾಡಿಕೊಡಲು ಹೋಗಬೇಡಿ. ಅವರ ಸ್ಟಾರ್ಟರ್ ಮೋಟಾರು ಕ್ಷಣದಲ್ಲಿ ನೂರಾರು ಆಂಪಿಯರ್ ಎಳೆಯುತ್ತದೆ, ನಿಮ್ಮ ಕಾರಿನ ವ್ಯವಸ್ಥೆ ಅದಕ್ಕೆ ಮಾಡಿದ್ದಲ್ಲ. ತಳ್ಳಿ ಸ್ಟಾರ್ಟ್ ಮಾಡುವುದು ಈ ಕಾರುಗಳಲ್ಲಿ ಸಾಧ್ಯವೇ ಇಲ್ಲ.

ಎಳೆದುಕೊಂಡು ಹೋಗಬೇಕಾದರೆ ಫ್ಲ್ಯಾಟ್‌ಬೆಡ್ ಲಾರಿಯನ್ನೇ ಕರೆಸಿ. ಮುಂದಿನ ಚಕ್ರ ನೆಲದಲ್ಲಿ ಉರುಳಿದರೆ ಮೋಟಾರು ತಿರುಗಿ ಕರೆಂಟ್ ಉತ್ಪಾದಿಸಲು ತೊಡಗುತ್ತದೆ. ಅದು ಕೆಟ್ಟ ಕಾರಿಗೆ ಇನ್ನಷ್ಟು ಹಾನಿ, ಕೆಲವೊಮ್ಮೆ ಬೆಂಕಿಯ ಅಪಾಯ ಕೂಡ.

ಹಂತ 5: ಓಡಿಸುವ ಅಭ್ಯಾಸ

ಸಿಗ್ನಲ್ಲಿನಲ್ಲಿ, ಜಾಮಿನಲ್ಲಿ ಎನ್‌ಗೆ, ಅಂದರೆ ನ್ಯೂಟ್ರಲ್‌ಗೆ ಹಾಕಬೇಡಿ. ಮ್ಯಾನ್ಯುಯಲ್ ಗೇರಿನಿಂದ ಬಂದವರಿಗೆ ಈ ರೂಢಿ ಬಿಡುವುದು ಕಷ್ಟ. ಆದರೆ ಎನ್ ಸ್ಥಾನದಲ್ಲಿ ಎಂಜಿನ್ ಓಡುತ್ತಿದ್ದರೂ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಖಾಲಿ ಮಾಡುತ್ತಾ ಇರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ಡಿ ಸ್ಥಾನದಲ್ಲೇ ಬ್ರೇಕ್ ಹಿಡಿಯಿರಿ, ತುಂಬಾ ಹೊತ್ತಾದರೆ ಪಿ.

ಪೆಟ್ರೋಲ್ ಪೂರ್ತಿ ಖಾಲಿಯಾಗಲು ಬಿಡಬೇಡಿ. ಟ್ಯಾಂಕ್ ಬರಿದಾದ ಮೇಲೂ ಕಾರು ಸ್ವಲ್ಪ ದೂರ ಕರೆಂಟಿನಲ್ಲಿ ಹೋಗುತ್ತದೆ. ಆ ಸ್ವಲ್ಪ ದೂರದಲ್ಲಿ ಬ್ಯಾಟರಿ ತಾನು ಇಳಿಯಬಾರದ ಮಟ್ಟಕ್ಕೆ ಇಳಿದರೆ ಪೆಟ್ರೋಲ್ ಹಾಕಿದರೂ ಎಂಜಿನ್ ಎಬ್ಬಿಸಲು ಶಕ್ತಿ ಉಳಿದಿರುವುದಿಲ್ಲ.

ಘಾಟಿ ಇಳಿಯುವಾಗ ವಿಶೇಷ ಗಮನ ಬೇಕು. ಚಾರ್ಮಾಡಿ, ಶಿರಾಡಿ, ಆಗುಂಬೆಯಂಥ ಕಡೆ ಸ್ವಲ್ಪ ಇಳಿಯುವಷ್ಟರಲ್ಲೇ ಈ ಸಣ್ಣ ಬ್ಯಾಟರಿ ತುಂಬಿಬಿಡುತ್ತದೆ. ತುಂಬಿದ ಮೇಲೆ ರೀಜನರೇಷನ್ ಹಿಡಿತ ಕಡಿಮೆಯಾಗಿ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಇಳಿಜಾರು ಶುರುವಾಗುವಾಗಲೇ ಗೇರನ್ನು ಬಿ ಸ್ಥಾನಕ್ಕೆ ಹಾಕಿ. ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ, ಹೆದರಬೇಡಿ. ಅದು ಪೆಟ್ರೋಲ್ ಕುಡಿಯದೆ ಬರೀ ತಿರುಗಿ ಕಾರನ್ನು ಹಿಡಿದಿಡುತ್ತಿದೆ. ನಿಮ್ಮ ಮಾದರಿಯಲ್ಲಿ ಬಿ ಇಲ್ಲದಿದ್ದರೆ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಅಥವಾ ಎಸ್ ಸ್ಥಾನ ಇದೇ ಕೆಲಸಕ್ಕೆ. ಸಮತಟ್ಟು ರಸ್ತೆಯಲ್ಲಿ ಬಿ ಹಾಕಿಕೊಂಡೇ ಓಡಿಸಿದರೆ ಮೈಲೇಜ್ ಬೀಳುತ್ತದೆ.

ಬಿಸಿಲಿನ ವಿಷಯ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಮುಚ್ಚಿದ ಕಾರಿನ ಒಳಗೆ ಇನ್ನೂ ಎಷ್ಟೋ ಹೆಚ್ಚಿರುತ್ತದೆ. ಬ್ಯಾಟರಿ ತಣ್ಣಗಾಗಲು ಎಳೆಯುವುದೂ ಅದೇ ಗಾಳಿಯನ್ನು. ಹತ್ತಿದ ಕೂಡಲೇ ಕಿಟಕಿ ಇಳಿಸಿ ಬಿಸಿಗಾಳಿ ಹೊರಹಾಕಿ, ಆಮೇಲೆ ಎಸಿ ಹಾಕಿ. ಕಡುಬಿಸಿಲಿನಲ್ಲಿ ಮೈಲೇಜ್ ಉಳಿಸಲೆಂದು ಎಸಿ ಬಂದ್ ಮಾಡಿ ಓಡಿಸುವುದು ಈ ಕಾರುಗಳಲ್ಲಿ ಕೆಟ್ಟ ಉಳಿತಾಯ.

ಹಂತ 6: ಸರ್ವೀಸಿನಲ್ಲಿ ಕೇಳಿ ಮಾಡಿಸಬೇಕಾದ್ದು

ಇನ್ವರ್ಟರ್ ಕೂಲಂಟ್ ಎಂಜಿನ್ ಕೂಲಂಟಿನಿಂದ ಬೇರೆ. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಪ್ರತ್ಯೇಕ ಡಬ್ಬಿ ಇರುತ್ತದೆ. ಮಟ್ಟ ಇಳಿದಿದ್ದರೆ ನಲ್ಲಿನೀರು ಸುರಿಯಬೇಡಿ, ಕಂಪನಿ ಹೇಳಿದ ಕೂಲಂಟೇ ಬೇಕು. ಅದನ್ನು ಸುತ್ತಿಸುವ ಸಣ್ಣ ಪಂಪು ನಿಂತರೆ ಇನ್ವರ್ಟರ್ ಬಿಸಿಯಾಗಿ ಕಾರು ದಾರಿಯಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಎಂಜಿನ್ ಆಯಿಲ್ ಕೂಡ ಪುಸ್ತಕದಲ್ಲಿ ಬರೆದಿರುವ ತೆಳು ದರ್ಜೆಯದೇ ಆಗಲಿ. ಈ ಎಂಜಿನ್ನುಗಳು ದಿನಕ್ಕೆ ಎಷ್ಟೋ ಸಲ ನಿಂತು ಏಳುತ್ತವೆ, ದಪ್ಪ ಆಯಿಲ್ ತಡವಾಗಿ ಮೇಲೇರುತ್ತದೆ.

ಈಗ ಎಸಿ. ಬಹಳ ಜನರಿಗೆ ಗೊತ್ತಿರದ ಅಪಾಯ ಇಲ್ಲಿದೆ. ಹೈಬ್ರಿಡ್‌ನ ಎಸಿ ಕಂಪ್ರೆಸರ್ ಬೆಲ್ಟಿನಿಂದ ತಿರುಗುವುದಿಲ್ಲ, ಹೈ ವೋಲ್ಟೇಜಿನಿಂದ ನೇರವಾಗಿ ತಿರುಗುತ್ತದೆ. ಅದರೊಳಗಿನ ಎಣ್ಣೆ ವಿದ್ಯುತ್ ಹರಿಯಗೊಡದ ಪಿಒಇ ಬಗೆಯದು. ಮಾಮೂಲಿ ಕಾರುಗಳಿಗೆ ಹಾಕುವ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಷನ್ ಕುಸಿದು ಕರೆಂಟ್ ಕಾರಿನ ಲೋಹದ ಮೈಗೆ ಸೋರತೊಡಗುತ್ತದೆ. ಆಗ ಸುರಕ್ಷತೆಗಾಗಿ ಕಂಪ್ಯೂಟರ್ ಇಡೀ ಹೈಬ್ರಿಡ್ ವ್ಯವಸ್ಥೆಯನ್ನೇ ತಡೆಯಬಹುದು. ಕಂಪ್ರೆಸರ್, ಪೈಪುಗಳನ್ನೆಲ್ಲ ಬದಲಿಸಬೇಕಾದೀತು. ರಸ್ತೆಬದಿಯ ಅಂಗಡಿಯಲ್ಲಿ ಗ್ಯಾಸ್ ತುಂಬಿಸುವ ಮುನ್ನ "ಹೈಬ್ರಿಡ್‌ಗೆ ಬೇರೆ ಎಣ್ಣೆ, ಬೇರೆ ಮೆಷಿನ್ ಇದೆಯಾ?" ಎಂದು ಕೇಳಿ. ಉತ್ತರ ತಡವರಿಸಿದರೆ ವಾಪಸು ಬನ್ನಿ.

ಬ್ರೇಕ್ ಪ್ಯಾಡ್ ಹೈಬ್ರಿಡ್‌ನಲ್ಲಿ ನಿಧಾನವಾಗಿ ಸವೆಯುತ್ತದೆ. ಸಂತೋಷ, ಆದರೆ ಬಳಕೆ ಕಡಿಮೆಯಾದ ಕಾರಣಕ್ಕೇ ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ನ ಪಿನ್‌ಗಳು ತುಕ್ಕು ಹಿಡಿದು ಸಿಕ್ಕಿಕೊಳ್ಳುತ್ತವೆ. ಪ್ಯಾಡ್ ಇನ್ನೂ ದಪ್ಪಗಿದೆ ಎಂದು ಬಿಡದೆ ವರ್ಷಕ್ಕೊಮ್ಮೆ ಪಿನ್ ಬಿಚ್ಚಿ ಗ್ರೀಸ್ ಹಾಕಿಸಿ.

ವರ್ಷಕ್ಕೊಮ್ಮೆ ಹೈಬ್ರಿಡ್ ಬ್ಯಾಟರಿ ಹೆಲ್ತ್ ಚೆಕ್ ಮಾಡಿಸಿ ಅದರ ಪ್ರತಿಯನ್ನು ತೆಗೆದಿಡಿ. ಮಾರುವ ದಿನ ಆ ಕಾಗದಕ್ಕೆ ಬೆಲೆ ಇದೆ.

ಹಂತ 7: ಮಳೆ, ಇಲಿ, ಊರಿಗೆ ಹೋದಾಗ

ನಿಂತ ನೀರಿಗೆ ಕಾರು ಇಳಿಸಬೇಡಿ. ಹೈರೈಡರ್, ಗ್ರ್ಯಾಂಡ್ ವಿಟಾರಾಗಳಲ್ಲಿ ಬ್ಯಾಟರಿ ಹಿಂಬದಿಯಲ್ಲಿದೆ, ಡಿಕ್ಕಿ ಚಿಕ್ಕದಾಗಿರುವುದೂ ಅದರಿಂದಲೇ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಆದಂತೆ ಬೇಸ್‌ಮೆಂಟಿಗೆ ನೀರು ನುಗ್ಗಿ ಕಾರಿನ ನೆಲ ಮುಳುಗಿದ್ದರೆ ಬಟನ್ ಒತ್ತಲೇಬೇಡಿ. ನೀರು ಇಳಿದು ಒಣಗಿದಂತೆ ಕಂಡರೂ ಒತ್ತಬೇಡಿ. ಫೋಟೋ ತೆಗೆದು, ವಿಮೆಯವರಿಗೆ ತಿಳಿಸಿ, ಲಾರಿಯಲ್ಲಿ ಕಳಿಸಿ. ವಿಮೆ ನವೀಕರಿಸುವಾಗಲೇ ಕೇಳಬೇಕಾದ ಪ್ರಶ್ನೆ: ನೀರು ನುಗ್ಗಿ ಹೈಬ್ರಿಡ್ ಬ್ಯಾಟರಿ ಹಾಳಾದರೆ ಪಾಲಿಸಿ ಕೊಡುತ್ತದೆಯೇ, ಅದಕ್ಕೆ ಬೇರೆ ಆಡ್-ಆನ್ ಬೇಕೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಲಿ ಕಡಿದ ಕಿತ್ತಳೆ ಕೇಬಲ್ಲಿಗೆ ಟೇಪ್ ಸುತ್ತುವಂತಿಲ್ಲ. ಇಡೀ ಕೇಬಲ್ ಬದಲಿಸಬೇಕು.

ತಿಂಗಳುಗಟ್ಟಲೆ ಕಾರು ನಿಲ್ಲಿಸಿ ವಿದೇಶಕ್ಕೆ ಮಕ್ಕಳ ಮನೆಗೆ ಹೋಗುವವರು ಕೀಲಿಯನ್ನು ನಂಬಿಕೆಯ ನೆರೆಯವರಿಗೆ ಕೊಟ್ಟು ಹೋಗಿ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಎರಡೂ ಬ್ಯಾಟರಿ ಉಳಿಯುತ್ತವೆ. ಅದಾಗದಿದ್ದರೆ 12 ವೋಲ್ಟಿನ ಮೈನಸ್ ಬಿಚ್ಚಿಡಿ. ಆದರೂ ದೊಡ್ಡ ಬ್ಯಾಟರಿ ನಿಧಾನವಾಗಿ ತಾನೇ ಇಳಿಯುವುದರಿಂದ ಎರಡು ಮೂರು ತಿಂಗಳಿಗೊಮ್ಮೆಯಾದರೂ ಜೋಡಿಸಿ ಓಡಿಸಲೇಬೇಕು. ಡ್ಯಾಶ್ ಕ್ಯಾಮ್‌ನ ಪಾರ್ಕಿಂಗ್ ಮೋಡ್, ಜಿಪಿಎಸ್ ಟ್ರ್ಯಾಕರ್ ಇದ್ದವರಿಗೆ ಅವಧಿ ಇನ್ನೂ ಕಡಿಮೆ.

ಹಂತ 8: ಎಚ್ಚರಿಕೆ ದೀಪ ಬಂದಾಗ

'ಹೈಬ್ರಿಡ್ ಸಿಸ್ಟಮ್ ಪರಿಶೀಲಿಸಿ' ಎಂಬ ಸಂದೇಶ ಬಂದರೆ ಪಕ್ಕಕ್ಕೆ ನಿಲ್ಲಿಸಿ. ಸಂದೇಶದ ಫೋಟೋ ತೆಗೆಯಿರಿ. ಸರಿಹೋದೀತೆಂದು 12 ವೋಲ್ಟ್ ಬ್ಯಾಟರಿ ಬಿಚ್ಚಿ ಹಾಕಬೇಡಿ. ಹಾಗೆ ಮಾಡಿದರೆ ದೋಷ ಬಂದ ಕ್ಷಣದ ದಾಖಲೆ ಅಳಿಸಿಹೋಗಬಹುದು, ಆಮೇಲೆ ಮೆಕ್ಯಾನಿಕ್ ಕತ್ತಲಲ್ಲಿ ಹುಡುಕಬೇಕಾಗುತ್ತದೆ. ಮೊದಲು ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಕೋಡ್ ಓದಿಸಿ. ಟೊಯೋಟಾ ಬಗೆಯ ಕಾರುಗಳಲ್ಲಿ ಹೆಚ್ಚು ಕಾಣುವವು ಇವು:

- ಪಿ0ಎ80: ಬ್ಯಾಟರಿ ಪ್ಯಾಕ್‌ನ ಬ್ಲಾಕ್‌ಗಳ (ಸೆಲ್ ಗುಂಪುಗಳ) ನಡುವೆ ವ್ಯತ್ಯಾಸ ಮಿತಿ ಮೀರಿದೆ.
- ಪಿ0ಎ7ಎಫ್: ಒಟ್ಟಾರೆ ಬ್ಯಾಟರಿಯ ಶಕ್ತಿ ಕುಂದಿದೆ.
- ಪಿ0ಎ93: ಇನ್ವರ್ಟರ್ ಕೂಲಿಂಗ್ ತೊಂದರೆ. ಹಲವು ಸಲ ಪಂಪು ಅಥವಾ ಕೂಲಂಟ್ ಕೊರತೆ, ಬ್ಯಾಟರಿಗೆ ಸಂಬಂಧವಿಲ್ಲ.
- ಪಿ0ಎಎ6: ಹೈ ವೋಲ್ಟೇಜ್ ಕಾರಿನ ಲೋಹದ ಮೈಗೆ ಸೋರುತ್ತಿದೆ. ಕೇಬಲ್, ಎಸಿ ಕಂಪ್ರೆಸರ್, ಬ್ಯಾಟರಿಯೊಳಗಿನ ತೇವ, ಯಾವುದೂ ಇರಬಹುದು. ಓಡಿಸಬೇಡಿ.

ಕೋಡ್ ಹೇಳುವುದು ಎಲ್ಲಿ ಹುಡುಕಬೇಕೆಂದು ಮಾತ್ರ. ಪಿ0ಎ80 ಬಂದಾಗಲೂ ಫ್ಯಾನ್, ಫಿಲ್ಟರ್, ಕಿಲುಬು ಹಿಡಿದ ಪಟ್ಟಿ, ಸೆನ್ಸರ್ ತಂತಿ ನೋಡಿಯೇ ಪ್ಯಾಕ್‌ಗೆ ಕೈ ಹಾಕಬೇಕು. ಪ್ರತಿ ಬ್ಲಾಕ್‌ನ ವೋಲ್ಟೇಜನ್ನು ಭಾರ ಹಾಕಿ ಅಳೆದ ಪಟ್ಟಿ ತೋರಿಸಿ ಎಂದು ಕೇಳಿ. ಪಟ್ಟಿ ತೋರಿಸದೆ ಪ್ಯಾಕ್ ಬದಲಿಸಬೇಕು ಎಂದರೆ ಒಪ್ಪಬೇಡಿ.

ಹಂತ 9: ಬದಲಿಸಲೇಬೇಕಾದರೆ

ಮೊದಲು ವಾರಂಟಿ ನೋಡಿ. ಟೊಯೋಟಾ, ಮಾರುತಿ, ಹೋಂಡಾ ಮೂವರೂ ಭಾರತದ ತಮ್ಮ ಈಗಿನ ಸ್ಟ್ರಾಂಗ್ ಹೈಬ್ರಿಡ್ ಬ್ಯಾಟರಿಗಳಿಗೆ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದಕ್ಕೆ ವಾರಂಟಿ ಕೊಡುತ್ತಾರೆ. ಸರ್ವೀಸ್ ತಪ್ಪಿಸಿದ್ದು, ತಂತಿ ಕತ್ತರಿಸಿ ಹೊರಗಿನ ಲೈಟು, ಆಂಪ್ಲಿಫೈಯರ್ ಜೋಡಿಸಿದ್ದು, ನೀರು ನುಗ್ಗಿದ್ದು, ಇವೇ ಕ್ಲೇಮ್ ಕೈತಪ್ಪಲು ಕಾರಣಗಳು.

ವಾರಂಟಿ ಮುಗಿದಿದ್ದರೆ ಎರಡು ದಾರಿ. ಕಂಪನಿಯ ಹೊಸ ಪ್ಯಾಕ್ ದುಬಾರಿ, ಆದರೆ ಮತ್ತೆ ವರ್ಷಗಟ್ಟಲೆ ನೆಮ್ಮದಿ. ಇನ್ನೊಂದು, ಹೊರಗಿನ ಕುಶಲಿಗಳು ಸೋತ ಮಾಡ್ಯೂಲ್ ಮಾತ್ರ ತೆಗೆದು ಬೇರೆ ಹಾಕುವುದು. ಆರೋ ಎಂಟೋ ಸೆಲ್ ಸೇರಿಸಿ ಮಾಡಿದ ಒಂದು ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ಅಗ್ಗದಲ್ಲಿ ಮುಗಿಯುತ್ತದೆ ನಿಜ. ಆದರೆ ಒಂದು ಮಾಡ್ಯೂಲ್ ಸೋತಿದೆ ಎಂದರೆ ಅದೇ ಬಿಸಿಯಲ್ಲಿ ಅಷ್ಟೇ ವರ್ಷ ಬೆಂದ ಉಳಿದವೂ ಬಾಗಿಲಲ್ಲೇ ನಿಂತಿವೆ. ಸಾಮರ್ಥ್ಯ ಹೊಂದಿಸದೆ ಒಂದನ್ನೇ ಬದಲಿಸಿದರೆ ಹೊಸತು ಹಳತರ ನಡುವೆ ವ್ಯತ್ಯಾಸ ಹೆಚ್ಚಿ ಕೆಲವೇ ತಿಂಗಳಲ್ಲಿ ಅದೇ ಕೋಡ್ ಮರಳುತ್ತದೆ. ಆರೇಳು ತಿಂಗಳಲ್ಲಿ ಮಾರುವ ಕಾರಿಗೆ ಬಿಟ್ಟರೆ ಈ ದಾರಿಯನ್ನು ಶಿಫಾರಸು ಮಾಡುವುದು ಕಷ್ಟ. ಮಾಡಿಸುವುದೇ ಆದರೆ ಪ್ರತಿ ಮಾಡ್ಯೂಲ್‌ನ ಸಾಮರ್ಥ್ಯ ಅಳೆದ ಪಟ್ಟಿ, ತಾಮ್ರದ ಪಟ್ಟಿಗಳ ಬದಲಾವಣೆ, ಫ್ಯಾನ್ ಸ್ವಚ್ಛತೆ, ಲಿಖಿತ ಗ್ಯಾರಂಟಿ, ನಾಲ್ಕನ್ನೂ ಪಟ್ಟು ಹಿಡಿದು ಕೇಳಿ. ಕೆಲಸ ಮಾಡುವವರು ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವೀಸ್ ಪ್ಲಗ್ ಕಿತ್ತು, ಕನಿಷ್ಠ ಹತ್ತು ನಿಮಿಷ ಕಾದು, 1,000 ವೋಲ್ಟ್ ತಡೆಯುವ ಕೈಗವಸು ಹಾಕಿಯೇ ಮುಟ್ಟಬೇಕು. ಇನ್ವರ್ಟರಿನ ಕೆಪಾಸಿಟರುಗಳಲ್ಲಿ ಉಳಿದ ಕರೆಂಟ್ ಇಳಿಯಲು ಆ ಸಮಯ ಬೇಕು. ಬರಿಗೈಯಲ್ಲಿ ಶುರು ಮಾಡುವವರನ್ನು ಕಂಡರೆ ಅಲ್ಲೇ ನಿಲ್ಲಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಎಂಜಿನ್ ಬಿಸಿಯಾದ ಮೇಲೆ ಕಾರನ್ನು ರೆಡಿಯಲ್ಲಿ, ಪಿ ಸ್ಥಾನದಲ್ಲಿ, ಎಸಿ ಹಾಕಿ ನಿಲ್ಲಿಸಿ. ಎಂಜಿನ್ ನಿಂತು ಮತ್ತೆ ಏಳುವ ನಡುವಿನ ಸಮಯ ಗಮನಿಸಿ. ಆರೋಗ್ಯವಂತ ಬ್ಯಾಟರಿ ಹಲವು ನಿಮಿಷ ಎಸಿ ನಡೆಸುತ್ತದೆ. ನಿಮಿಷಕ್ಕೊಮ್ಮೆ ಎಂಜಿನ್ ಏಳುತ್ತಿದ್ದರೆ ಬ್ಯಾಟರಿಯ ಹೊಟ್ಟೆ ಚಿಕ್ಕದಾಗಿದೆ. ಓಡಿಸುವಾಗ ಪರದೆಯ ಗೆರೆಗಳು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಸರಸರನೆ ಹಾರುವುದೂ ಅದೇ ರೋಗದ ಲಕ್ಷಣ.

ಆಮೇಲೆ ಸ್ಟೆಪ್ನಿ ಗುಂಡಿಯ ತಳ, ಸೀಟ್ ಹಳಿಗಳ ಕೆಳಗೆ, ಸೀಟ್ ಬೆಲ್ಟ್ ಪೂರ್ತಿ ಎಳೆದು ಅದರ ತುದಿ ನೋಡಿ. ಕೆಸರಿನ ಗೆರೆ, ತುಕ್ಕು ಕಂಡರೆ ಆ ಕಾರು ನೀರಲ್ಲಿ ನಿಂತಿತ್ತು. ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬೇಡ. ಪೆಟ್ರೋಲ್ ಕಾರಾದರೆ ಒಣಗಿಸಿ ಓಡಿಸಿಯಾರು, ಹೈಬ್ರಿಡ್‌ನಲ್ಲಿ ತೇವ ಹೈ ವೋಲ್ಟೇಜ್ ಭಾಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಕಾಡುತ್ತದೆ.

ತೆಗೆದ ಹಳೇ ಪ್ಯಾಕನ್ನು ಮನೆಗೆ ತರಬೇಡಿ, ಗುಜರಿಗೂ ಕೊಡಬೇಡಿ. ಸೋತ ಪ್ಯಾಕ್‌ನಲ್ಲೂ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸ ಪ್ಯಾಕಿನ ಬಿಲ್ಲಿನಲ್ಲೇ ಹಳೆಯದನ್ನು ಡೀಲರ್ ವಾಪಸು ಪಡೆದರೆಂದು ಬರೆಸಿಕೊಳ್ಳಿ.